ಮಿಕ್ಸರ್ ಹಚ್ಚಿದರೆ ಇನ್ವರ್ಟರ್ ಯಾಕೆ ಬಂದ್ ಆಗುತ್ತದೆ?

ಕಳೆದ ಬೇಸಿಗೆಯಲ್ಲಿ ಧಾರವಾಡದ ನಿವೃತ್ತ ದಂಪತಿ ತಮ್ಮ ಟೆಂಪೋ ಟ್ರಾವೆಲರನ್ನು ಹುಬ್ಬಳ್ಳಿಯ ನನ್ನ ಶೆಡ್ಡಿಗೆ ತಂದರು. ಹಿಂದಿನ ಸೀಟು ತೆಗೆಸಿ ಮಂಚ, ಅಡಿಗೆ ಕಟ್ಟೆ, ಸಿಂಕು ಎಲ್ಲ ಕೂಡಿಸಿಕೊಂಡಿದ್ದರು. "ಬ್ಯಾಟರಿ ಫುಲ್ ಐತ್ರಿ. ಇಂಡಕ್ಷನ್ ಮ್ಯಾಲೆ ಬ್ಯಾಳಿ ಇಟ್ಟು, ಚಟ್ನಿಗೆ ಮಿಕ್ಸರ್ ಹಚ್ಚಿದೆ ಅಂದ್ರ ಇನ್ವರ್ಟರ್ ಕುಂಯ್ ಅಂದು ಬಂದ್ ಆಗ್ತೈತಿ ನೋಡ್ರಿ," ಎಂದರು ಅಮ್ಮಾರು. ವೈರಿಂಗ್ ಮಾಡಿಕೊಟ್ಟವರು ಇನ್ನೊಂದು ಬ್ಯಾಟರಿ ಹಾಕಿಸಿ ಎಂದಿದ್ದರಂತೆ.

ಬ್ಯಾಟರಿಯಲ್ಲಿ ಏನೂ ತಪ್ಪಿರಲಿಲ್ಲ. 12.8 ವೋಲ್ಟ್, 200 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಅದು ಡ್ರೈವರ್ ಸೀಟಿನ ಹಿಂದೆ, 2,000 ವ್ಯಾಟ್‌ನ ಇನ್ವರ್ಟರ್ ಮೂರು ಮೀಟರ್ ಆಚೆ ಅಡಿಗೆ ಕಟ್ಟೆಯ ಕೆಳಗೆ. ನಡುವೆ 16 ಚದರ ಮಿಲಿಮೀಟರ್ ವೈರು. ಇಂಡಕ್ಷನ್ನನ್ನು 1,200 ವ್ಯಾಟ್‌ಗೆ ಹಚ್ಚಿಸಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಇನ್ವರ್ಟರಿನ ಪ್ಲಸ್‌ಗೆ ಹಿಡಿದೆ. ಒಂದೇ ವೈರಿನ ಎರಡು ತುದಿ ಅದು, ಸೊನ್ನೆಯ ಹತ್ತಿರ ಇರಬೇಕು. 0.6 ವೋಲ್ಟ್ ತೋರಿಸಿತು. ಮೈನಸ್ ಕಡೆ 0.4. ಆ ಹೊತ್ತಿಗೆ ವೈರಿನಲ್ಲಿ ಹರಿಯುತ್ತಿದ್ದದ್ದು ಸುಮಾರು 110 ಆಂಪಿಯರ್. ಎರಡೂ ಕಡೆ ಸೇರಿ ಒಂದು ವೋಲ್ಟ್, ಅದನ್ನು ಆಂಪಿಯರ್‌ನಿಂದ ಗುಣಿಸಿದರೆ 110 ವ್ಯಾಟ್. ಅಷ್ಟು ಬೇಳೆಗೆ ಹೋಗದೆ ವೈರನ್ನೇ ಬೇಯಿಸುತ್ತಿತ್ತು. ವೈರಿನ ತುದಿಗೆ ಕೂರಿಸುವ ಲೋಹದ ಕೊಂಡಿ, ಅಂದರೆ ಲಗ್ ಮುಟ್ಟಿದೆ, ಬೆರಳು ಇಡಲಾಗಲಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸಿದ್ದ ಲಗ್ ಅದು, ಪಕ್ಕದ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿತ್ತು.

ಮಿಕ್ಸರ್ ಮೇಲೆ 500 ವ್ಯಾಟ್ ಎಂದು ಬರೆದಿದ್ದರೂ ಮೋಟಾರು ನಿಂತಲ್ಲಿಂದ ತಿರುಗಲು ಶುರುಮಾಡುವ ಕ್ಷಣದಲ್ಲಿ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಆ ಕ್ಷಣಕ್ಕೆ ವೈರಿನಲ್ಲೇ ಎರಡು ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ. ಇನ್ವರ್ಟರಿಗೆ ಕಾಣುವುದು ಹತ್ತು ವೋಲ್ಟ್ ಚಿಲ್ಲರೆ. ಬ್ಯಾಟರಿ ಖಾಲಿಯಾಯಿತೆಂದು ತಿಳಿದು ಅದು ಬಂದ್ ಆಗುತ್ತದೆ. ಇನ್ನೊಂದು ಬ್ಯಾಟರಿ ತಂದಿದ್ದರೂ ಕಥೆ ಇದೇ.

ಇನ್ವರ್ಟರನ್ನು ಕಿತ್ತು ಬ್ಯಾಟರಿಯ ಮಗ್ಗುಲಿಗೇ ತಂದೆವು. ನಡುವೆ ಅರ್ಧ ಮೀಟರ್, 50 ಚದರ ಮಿಲಿಮೀಟರ್ ತಾಮ್ರ, ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿದ ಲಗ್, ಬ್ಯಾಟರಿಯ ಪ್ಲಸ್‌ಗೆ ಅಂಟಿಕೊಂಡಂತೆ 250 ಆಂಪಿಯರ್ ಫ್ಯೂಸ್. ಅಡಿಗೆ ಕಟ್ಟೆಯವರೆಗಿನ ಉದ್ದದ ದಾರಿಗೆ 230 ವೋಲ್ಟಿನ ಮಾಮೂಲಿ 2.5ರ ವೈರು. ಅದೇ 1,200 ವ್ಯಾಟ್ ಅಲ್ಲಿ ಐದಾರು ಆಂಪಿಯರ್ ಅಷ್ಟೆ. ಮೀಟರ್ ಈಗ 0.1 ವೋಲ್ಟನ್ನೂ ತೋರಿಸಲಿಲ್ಲ.

ವ್ಯಾನಿನ ಅಡಿಗೆಮನೆಯಲ್ಲಿ ಎರಡು ಲೆಕ್ಕಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ವೈರು, ಫ್ಯೂಸ್, ಇನ್ವರ್ಟರ್ ನಿರ್ಧಾರವಾಗುವುದು ವ್ಯಾಟ್‌ನಿಂದ. ಬ್ಯಾಟರಿ ಎಷ್ಟು ಬೇಕೆಂಬುದು ಯೂನಿಟ್‌ನಿಂದ, ಅಂದರೆ ವ್ಯಾಟನ್ನು ಹೊತ್ತಿನಿಂದ ಗುಣಿಸಿ. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಮಿಕ್ಸರ್ ಆರ್ಭಟ ಜೋರು, ಆದರೆ ಐದು ನಿಮಿಷಕ್ಕೆ ತಿನ್ನುವುದು 0.04 ಯೂನಿಟ್. ದೋಸೆ ಹಿಟ್ಟು ರುಬ್ಬುವ 150 ವ್ಯಾಟ್‌ನ ಗ್ರೈಂಡರ್ ಸದ್ದಿಲ್ಲದೆ ನಲವತ್ತು ನಿಮಿಷ ತಿರುಗಿ 0.1 ಯೂನಿಟ್ ತಿನ್ನುತ್ತದೆ. ಒಂದು ಲೀಟರ್ ನೀರು ಕುದಿಸಿದರೂ ಹತ್ತಿರ ಹತ್ತಿರ ಅಷ್ಟೇ. ಇಂಡಕ್ಷನ್ನನ್ನು ಕಡಿಮೆಗೆ ಇಟ್ಟರೆ ಕಡಿಮೆ ಎಳೆಯುತ್ತದೆ ಎಂದುಕೊಳ್ಳಬೇಡಿ. ಬಹಳಷ್ಟು ಒಲೆಗಳು 400 ವ್ಯಾಟ್ ಎಂದು ತೋರಿಸುತ್ತ ಸಾವಿರದಾಚೆ ಎಳೆದು, ನಿಂತು, ಮತ್ತೆ ಎಳೆಯುತ್ತವೆ. ಎಳೆಯುವ ಹೊತ್ತು ಕಡಿಮೆಯಾಗುತ್ತದೆ, ಎಳೆಯುವಾಗಿನ ಆಂಪಿಯರ್ ಕಡಿಮೆಯಾಗುವುದಿಲ್ಲ.

ಇವರ ಬ್ಯಾಟರಿಯಲ್ಲಿ ಇರುವುದು ಎರಡೂವರೆ ಯೂನಿಟ್. ಎರಡು ಹೊತ್ತು ಚಹಾ, ಅನ್ನ, ಬೇಳೆ, ಹತ್ತು ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಸೇರಿ ಒಂದೂಕಾಲು ಯೂನಿಟ್ ಬಂತು. ಹಾಗಾದರೆ ಎರಡು ದಿನ ಬರಬೇಕಲ್ಲ? ಬರುತ್ತಿರಲಿಲ್ಲ. ಮನೆಯ ಸಣ್ಣ ಫ್ರಿಜ್ಜನ್ನು ಇನ್ವರ್ಟರಿಗೆ ಸಿಕ್ಕಿಸಿದ್ದರು. ಫ್ರಿಜ್ಜಿನ ಖರ್ಚು ಹಾಗಿರಲಿ, ಅದಕ್ಕಾಗಿ ಇನ್ವರ್ಟರು ಹಗಲಿರುಳು ಎಚ್ಚರವಾಗಿರಬೇಕು. ಸುಮ್ಮನೆ ಎಚ್ಚರವಿರುವುದಕ್ಕೇ 20 ವ್ಯಾಟ್, ದಿನಕ್ಕೆ ಅರ್ಧ ಯೂನಿಟ್. 12 ವೋಲ್ಟಿಗೆ ನೇರ ನಡೆಯುವ ಕಂಪ್ರೆಸರ್ ಫ್ರಿಜ್ ದುಬಾರಿ ನಿಜ, ಆದರೂ ವ್ಯಾನಿಗೆ ಮೊದಲು ಕೊಳ್ಳಬೇಕಾದ ಸಾಮಾನು ಅದೇ ಎನ್ನುತ್ತೇನೆ.

ಹಳೆಯ ಮನೆ ಇನ್ವರ್ಟರಿನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ ನಡೆಯುತ್ತದಾ ಎಂದು ಕೇಳುವವರಿಗೆ: ಲೈಟು, ಫ್ಯಾನಿಗೆ ಧಾರಾಳ. 150 ಆಂಪಿಯರ್ ಎಳೆದರೆ ಮಾತ್ರ ಒಂದು ಗಂಟೆ ಬರುವುದಿಲ್ಲ. ಹತ್ತಿಪ್ಪತ್ತು ಗಂಟೆ ಹೊತ್ತು ನಿಧಾನ ಎಳೆದಾಗ ಸಿಗುವ ಲೆಕ್ಕ ಅದು.

ತುಂಬಿಸುವುದು? ಛಾವಣಿಯ 400 ವ್ಯಾಟ್ ಸೋಲಾರ್ ನಮ್ಮ ಬಿಸಿಲಿಗೆ ಒಂದೂವರೆ ಯೂನಿಟ್ ಕೊಡುತ್ತದೆ. ಆಷಾಢದಲ್ಲಿ ದಾಂಡೇಲಿಯ ಮರದ ಕೆಳಗೆ ನಿಲ್ಲಿಸಿದರೆ ಅದನ್ನು ಮರೆತುಬಿಡಿ. ಆಗ ಗಾಡಿ ಓಡಿಸಿಯೇ ತುಂಬಿಸಬೇಕು, ಅದೂ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಎಂಜಿನ್ ಕಡೆಯಿಂದ ಬ್ಯಾಟರಿಗೆ ಹೋಗುವ ಕರೆಂಟಿಗೆ ಮಿತಿ ಹಾಕುವ ಪೆಟ್ಟಿಗೆ) ಮೂಲಕ. ಲಿಥಿಯಂ ಬ್ಯಾಟರಿಯನ್ನು ನೇರ ಆಲ್ಟರ್ನೇಟರಿಗೆ, ಅಂದರೆ ಎಂಜಿನ್ ತಿರುಗಿಸುವ ಕರೆಂಟ್ ಯಂತ್ರಕ್ಕೆ ಕಟ್ಟಿದರೆ ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರನ್ನೇ ಸುಡಬಹುದು.

ಗ್ಯಾಸು ಬಿಡಬೇಕಾ ಎಂದು ಯಜಮಾನರು ಕೇಳಿದರು. ಐದು ಕೆಜಿಯ ಸಿಲಿಂಡರಿನಲ್ಲಿ 60 ಯೂನಿಟಿಗೂ ಹೆಚ್ಚು ಶಾಖವಿದೆ, ಒಲೆಯಲ್ಲಿ ಅರ್ಧ ಪೋಲಾದರೂ ಇಂಥ ಹತ್ತು ಬ್ಯಾಟರಿಗೆ ಸಮ. ಅದನ್ನು ಇಟ್ಟುಕೊಳ್ಳಿ ಎಂದೆ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ಅದಕ್ಕೆ ಸಿಲಿಂಡರಿನ ಪೆಟ್ಟಿಗೆಯನ್ನು ಒಳಗಿನಿಂದ ಪೂರ್ತಿ ಮುಚ್ಚಿ, ಅದರ ತಳದಲ್ಲಿ ಹೊರಗೆ ತೆರೆಯುವ ತೂತು ಕೊರೆದುಕೊಟ್ಟೆ. ಅಷ್ಟರಲ್ಲಿ ಅಮ್ಮಾರು ಇಂಡಕ್ಷನ್ ಮೇಲೆ ಕಬ್ಬಿಣದ ಹಂಚು ಇಟ್ಟು ನಮ್ಮ ಹುಡುಗರಿಗೂ ಸೇರಿಸಿ ರೊಟ್ಟಿ ಬಡಿಯಲು ಕೂತಿದ್ದರು. ಪಕ್ಕದಲ್ಲಿ ಮಿಕ್ಸರ್ ತಿರುಗುತ್ತಿತ್ತು.