ಮೂತಿ ನಮ್ಮ ಕಡೆ ತಿರುಗಿದಾಗ

ಹೋದ ತಿಂಗಳು ದಾವಣಗೆರೆಯ ಹುಡುಗನೊಬ್ಬ ನನ್ನ ರಿಪೇರಿ ಟೇಬಲ್ ಮೇಲೆ ಒಂದು ಚೀಲ ಸುರಿದ. 450 ಸೈಜಿನ (ಒಂದೊಂದು ಬ್ಲೇಡ್ ಸುಮಾರು ಒಂದಡಿ) ಆರ್‌ಸಿ, ಅಂದರೆ ರಿಮೋಟಿನಲ್ಲಿ ಹಾರಿಸುವ ಆಟದ ಹೆಲಿಕಾಪ್ಟರ್. ಎರಡೂ ಬ್ಲೇಡ್ ಮುರಿದಿದ್ದವು, ಮೇನ್ ಶಾಫ್ಟ್ ಬಾಗಿತ್ತು, ಗೇರಿನ ಹಲ್ಲು ಉದುರಿತ್ತು.

"ಎಷ್ಟು ಹೊತ್ತು ಹಾರಿಸಿದ್ಯಪ್ಪಾ?"

"ಒಂದು ಹತ್ತು ಸೆಕೆಂಡು ಆಗಿರಬಹುದು ಸಾರ್. ಡ್ರೋನ್ ಎರಡು ವರ್ಷದಿಂದ ಹಾರಿಸ್ತಿದೀನಿ."

ಎಡವಟ್ಟಾಗಿದ್ದು ಅಲ್ಲೇ. ಜಿಪಿಎಸ್ ಡ್ರೋನಿನ ರಿಮೋಟಿನ ಸ್ಟಿಕ್ ಬಿಟ್ಟರೆ ಅದು ಇದ್ದಲ್ಲೇ ನಿಲ್ಲುತ್ತದೆ. ಹೆಲಿಕಾಪ್ಟರ್ ನಿಲ್ಲುವುದಿಲ್ಲ. ಬಾಲದ ಗೈರೊ (ತಿರುಗುವುದನ್ನು ಗುರುತಿಸುವ ಸೆನ್ಸರ್) ಗಿರಕಿ ಹೊಡೆಯದಂತೆ ತಡೆಯುತ್ತದೆ, ಅಷ್ಟೇ. ಅಂಗೈ ಮೇಲೆ ಕೋಲು ನಿಲ್ಲಿಸುತ್ತೇವಲ್ಲ, ಹಾಗೆ ಬೆರಳು ಸದಾ ಆಡುತ್ತಲೇ ಇರಬೇಕು. ಈಗ ಬಟನ್ ಒತ್ತಿದರೆ ತಾನೇ ನೆಟ್ಟಗಾಗುವ ಮಾಡೆಲ್‌ಗಳೂ ಬಂದಿವೆ. ದುಡ್ಡಿದ್ದರೆ ತಗೊಳ್ಳಿ, ನಾನು ಬೇಡ ಅನ್ನಲ್ಲ.

ಮೊದಲು ಬಾಲ ನಮ್ಮ ಕಡೆ ಇಟ್ಟುಕೊಂಡು ಒಂದೇ ಕಡೆ ನಿಲ್ಲಿಸುವುದನ್ನು ಕಲಿಯಬೇಕು. ಕೆಳಗೆ ಎರಡು ಕೋಲು ಅಡ್ಡಡ್ಡ ಕಟ್ಟಿ, ನಾಲ್ಕು ತುದಿಗೂ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿದರೆ ಇಳಿಯುವಾಗ ಮಗುಚುವುದು ಕಮ್ಮಿ. ನೆಲಕ್ಕೆ ತೀರಾ ಹತ್ತಿರ ತೇಲಿಸಬೇಡಿ. ಬ್ಲೇಡ್ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುತ್ತಿಕೊಂಡು ಅದನ್ನೇ ಅಲ್ಲಾಡಿಸುತ್ತದೆ. ಹೆದರಿಕೆ ಆದರೂ ಎದೆಯೆತ್ತರವೇ ವಾಸಿ.

ಬಾಲ ನೋಡಿಕೊಂಡು ಹಾರಿಸುವುದು ವಾರದಲ್ಲಿ ಬರುತ್ತದೆ. ಮೂತಿ ನಮ್ಮ ಕಡೆ ತಿರುಗಿತೋ, ತಲೆ ಕೆಡುತ್ತದೆ. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕಿರುತ್ತದೆ, ಅಲ್ವಾ? ಹಾಗೇ ಇಲ್ಲೂ. ಎಡಕ್ಕೆ ಜಾರುತ್ತಿದೆ ಅಂತ ಸ್ಟಿಕ್ ಬಲಕ್ಕೆ ತಳ್ಳಿದರೆ ಇನ್ನೂ ಎಡಕ್ಕೆ ಓಡುತ್ತದೆ. ನಾನು ಹೇಳಿಕೊಡುವುದು ಇಷ್ಟೇ: ಯಾವ ಕಡೆ ವಾಲಿದೆಯೋ ಅದೇ ಕಡೆ ಸ್ಟಿಕ್ ತಳ್ಳು, ವಾಲಿದ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ಒಂದೇ ಸಲ ಪೂರ್ತಿ ತಿರುಗಿಸಬೇಡಿ. ಮೊದಲು ಸ್ವಲ್ಪ ಓರೆ, ಆಮೇಲೆ ಅಡ್ಡ, ಕೊನೆಗೆ ಮೂತಿ. ಇದನ್ನೆಲ್ಲ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲೇ ಕಲಿಯಿರಿ. ಅಲ್ಲಿ ನೂರು ಸಲ ಬಿದ್ದರೂ ಒಂದು ಬ್ಲೇಡಿನ ಖರ್ಚೂ ಇಲ್ಲ.

ಇನ್ನು ಆ ಉದುರಿದ ಹಲ್ಲಿನ ಕಥೆ. ಬೀಳುತ್ತಿದೆ ಅನಿಸಿದಾಗ ಎಲ್ಲರೂ ಸ್ಟಿಕ್ ಮೇಲಕ್ಕೇ ಒತ್ತುತ್ತಾರೆ. ಬ್ಲೇಡ್ ನೆಲಕ್ಕೆ ಬಡಿದು ನಿಂತರೂ ಮೋಟಾರ್ ಬಿಡುವುದಿಲ್ಲ, ಗೇರು ಹೋಗುತ್ತದೆ. ರಿಮೋಟಿನಲ್ಲಿ ಥ್ರೊಟಲ್ ಹೋಲ್ಡ್ ಅಂತ ಒಂದು ಸ್ವಿಚ್ ಇರುತ್ತದೆ, ಮೋಟಾರ್ ಆಫ್ ಮಾಡಲು. ಕೈ ತಾನಾಗಿ ಅದಕ್ಕೆ ಹೋಗುವಷ್ಟು ಅಭ್ಯಾಸ ಆಗಬೇಕು. ಈ ಸೈಜಿನ ಬ್ಲೇಡಿನ ತುದಿ ಗಂಟೆಗೆ 300 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ತಿರುಗುತ್ತದೆ. ಹತ್ತು ಹೆಜ್ಜೆ ದೂರ ನಿಲ್ಲಿ, ಮಕ್ಕಳನ್ನು ಇನ್ನೂ ದೂರ ನಿಲ್ಲಿಸಿ.

ನಮ್ಮ ಕಡೆ ಹಾರಿಸಲು ಬೆಳಗಿನ ಹೊತ್ತೇ ಸರಿ. ಬಿಸಿಲೇರಿದರೆ ಗಾಳಿಯೂ ಏಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಮೈದಾನಕ್ಕೆ ಹೊರಡುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯಾ (ಹಾರಿಸಲು ಮುಂಚಿತ ಅನುಮತಿ ಬೇಡದ ಜಾಗ) ಅಂತಲೂ ನೋಡಿಕೊಳ್ಳಿ.

ಆ ಹುಡುಗ ಈಗ ಸಿಮ್ಯುಲೇಟರ್‌ನಲ್ಲಿ ಮೂರನೇ ವಾರ. ಅಡ್ಡ ನಿಲ್ಲಿಸುವವರೆಗೆ ಬಂದಿದ್ದಾನೆ. ಗೇರು ಬಂತಾ ಅಂತ ದಿನಾ ಫೋನ್ ಮಾಡುತ್ತಾನೆ. ಬಂದು ನಾಲ್ಕು ದಿನ ಆಯಿತು. ಇನ್ನೂ ಹೇಳಿಲ್ಲ.