ಗೊರಕೆ ನಿಂತಾಗ ರಕ್ತನಾಳದಲ್ಲಿ ಏನಾಗುತ್ತದೆ?

ಪಕ್ಕದಲ್ಲಿ ಮಲಗಿದವರ ಗೊರಕೆ ಇದ್ದಕ್ಕಿದ್ದಂತೆ ನಿಂತರೆ ‘ಸದ್ಯ, ಇನ್ನಾದರೂ ನಿದ್ದೆ ಮಾಡಬಹುದು’ ಅನಿಸುತ್ತದೆ. ಸ್ವಲ್ಪ ಎದ್ದು ಕೂತು ನೋಡಿ. ಎದೆ, ಹೊಟ್ಟೆ ಏದುತ್ತಲೇ ಇರುತ್ತವೆ. ಆದರೆ ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿಯೇ ಇಲ್ಲ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಆಮೇಲೆ ಗಂಟಲಿನಿಂದ ದೊಡ್ಡದೊಂದು ‘ಖರ್ರ್’, ಮೈ ಒಮ್ಮೆ ಅದುರಿ ಮತ್ತೆ ಗೊರಕೆ ಶುರು. ಬೆಳಿಗ್ಗೆ ಕೇಳಿದರೆ ಅವರಿಗೆ ಹೆಚ್ಚಾಗಿ ಏನೂ ನೆನಪಿರುವುದಿಲ್ಲ.

ಇದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದ್ದು, ಅರೆಬರೆ ಮುಚ್ಚಿದ್ದು ಸೇರಿ ಗಂಟೆಗೆ 30 ಸಲ ಆದರೆ ಕಾಯಿಲೆ ತೀವ್ರ ಎಂದು ಲೆಕ್ಕ. ಅಂದರೆ ಎರಡು ನಿಮಿಷಕ್ಕೊಂದು!

ತೊಂದರೆ ಇರುವುದು ಗಂಟಲಲ್ಲಿ, ಅದೂ ರಾತ್ರಿ. ಹಾಗಿದ್ದರೆ ಹಗಲಲ್ಲೂ ಬಿಪಿ ಏರುವುದೇಕೆ? ಉಸಿರುಕಟ್ಟಿದಾಗ ನರಮಂಡಲ ಗಾಬರಿಗೊಂಡು ರಕ್ತನಾಳಗಳನ್ನು ಬಿಗಿ ಮಾಡುವುದು ಒಂದು ಕಾರಣ. ಇನ್ನೊಂದು ಕಾರಣ ರಕ್ತನಾಳಗಳನ್ನು ಸಡಿಲಿಸುವ ಒಂದು ಪುಟ್ಟ ಅನಿಲದ ಕೊರತೆ. ಅದರ ಹೆಸರು ನೈಟ್ರಿಕ್ ಆಕ್ಸೈಡ್. ಒಂದು ನೈಟ್ರೋಜನ್, ಒಂದು ಆಕ್ಸಿಜನ್, ಅಷ್ಟೇ. (ನಗಿಸುವ ಅನಿಲ ಇದಲ್ಲ, ಅದು ನೈಟ್ರಸ್ ಆಕ್ಸೈಡ್. ಹೆಸರು ಕೇಳಿ ಮೋಸಹೋಗುವವರು ಜಾಸ್ತಿ.)

ಇದರ ಸುಳಿವು ಸಿಕ್ಕಿದ್ದು ಮೊಲದ ರಕ್ತನಾಳದ ತುಂಡಿನಲ್ಲಿ. ಅಸಿಟೈಲ್‌ಕೋಲಿನ್ (ನರಗಳು ಸಂದೇಶ ಕಳಿಸಲು ಬಳಸುವ ರಾಸಾಯನಿಕ) ಹಾಕಿದರೆ ತುಂಡು ಒಮ್ಮೊಮ್ಮೆ ಸಡಿಲವಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಯಾಕೆ ಅಂತ ಹುಡುಕಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಉತ್ತರ ಕೊಟ್ಟರು: ತುಂಡನ್ನು ಸಿದ್ಧಮಾಡುವಾಗ ಒಳಗಿನ ತೆಳು ಪದರ ಉಜ್ಜಿಹೋಗಿದ್ದರೆ ಅದು ಸಡಿಲವಾಗುತ್ತಿರಲಿಲ್ಲ. ಅಂದರೆ ‘ಸಡಿಲವಾಗು’ ಎಂಬ ಸಂದೇಶ ಹೊರಡುವುದು ಆ ಪದರದಿಂದ. ಸಂದೇಶ ಒಯ್ಯುವುದು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು. ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು.

ಈ ಅನಿಲದ ಆಯಸ್ಸು ಕೆಲವೇ ಸೆಕೆಂಡ್. ಕೂಡಿಡಲು ಬರುವುದಿಲ್ಲ, ಆಗಾಗ ಹೊಸದಾಗಿ ತಯಾರಾಗುತ್ತಲೇ ಇರಬೇಕು. ತಯಾರಿಗೆ ಬೇಕಾದದ್ದು ಅರ್ಜಿನಿನ್ ಎಂಬ ಅಮೈನೋ ಆಮ್ಲ, ಜೊತೆಗೆ ಆಕ್ಸಿಜನ್. ಉಸಿರುಕಟ್ಟಿದಾಗ ಆ ಆಕ್ಸಿಜನ್ನಿಗೇ ಬರ.

ಹಾಗಾದರೆ ಉಸಿರು ಮರಳಿದ ಕೂಡಲೇ ಎಲ್ಲ ಸರಿಹೋಗಬೇಕಲ್ವಾ? ಇಲ್ಲೇ ಇರುವುದು ತಮಾಷೆ. ಹಸಿದ ಜೀವಕೋಶಗಳಿಗೆ ಆಕ್ಸಿಜನ್ ಒಮ್ಮೆಲೇ ನುಗ್ಗಿದಾಗ ಸೂಪರ್‌ಆಕ್ಸೈಡ್ ಎಂಬ ಪುಂಡ ಕಣಗಳು ಹುಟ್ಟುತ್ತವೆ. ಅವು ಅಳಿದುಳಿದ ನೈಟ್ರಿಕ್ ಆಕ್ಸೈಡನ್ನೂ ಹಿಡಿದು ಪೆರಾಕ್ಸಿನೈಟ್ರೈಟ್ ಮಾಡಿಬಿಡುತ್ತವೆ. ಅದು ರಕ್ತನಾಳಕ್ಕೆ ವಿಷವಿದ್ದ ಹಾಗೆ. ಇಷ್ಟಕ್ಕೇ ಮುಗಿಯುವುದಿಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೇ ದಾರಿತಪ್ಪಿ ತಾನೂ ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆಕ್ಸಿಜನ್ ಕಡಿಮೆಯಾಗುವುದಕ್ಕಿಂತ ಅದರ ಈ ಹೋಗಿ–ಬರುವ ಆಟವೇ ಹೆಚ್ಚು ಕೆಟ್ಟದ್ದು ಅಂತ ನನಗನಿಸುತ್ತದೆ. ರಾತ್ರಿಗೆ ನೂರಾರು ಸಲ ನಡೆದರೆ ರಕ್ತನಾಳ ಹಗಲಲ್ಲೂ ಸರಿಯಾಗಿ ಹಿಗ್ಗುವುದಿಲ್ಲ.

ಹಿಗ್ಗುತ್ತದೋ ಇಲ್ಲವೋ ನೋಡುವುದು ಸುಲಭ. ತೋಳಿಗೆ ಬಿಪಿ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆಯುತ್ತಾರೆ. ಬಿಟ್ಟಾಗ ರಕ್ತ ರಭಸದಿಂದ ಹರಿಯುತ್ತದೆ. ಆರೋಗ್ಯದ ರಕ್ತನಾಳ ನೈಟ್ರಿಕ್ ಆಕ್ಸೈಡ್ ಬಿಟ್ಟು ಅಗಲವಾಗುವುದು ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಅಪ್ನಿಯಾ ಇರುವವರಲ್ಲಿ ಈ ಹಿಗ್ಗುವಿಕೆ ಕಡಿಮೆ.

ಮೂಗಿನ ಸುತ್ತಲ ಸೈನಸ್‌ಗಳಲ್ಲೂ ಈ ಅನಿಲ ಧಾರಾಳವಾಗಿ ತಯಾರಾಗುತ್ತದೆ. ಬಾಯಿ ಮುಚ್ಚಿ ‘ಹ್ಮ್ಮ್’ ಅಂತ ಗುನುಗಿದರೆ ಮೂಗಿನಿಂದ ಹೊರಬರುವ ಪ್ರಮಾಣ ಸುಮಾರು 15 ಪಟ್ಟು ಏರಿದ್ದನ್ನು 2002ರಲ್ಲಿ ಅಳೆದಿದ್ದಾರೆ. ಹಾಗಂತ ಗುನುಗಿ ಮಲಗಿದರೆ ಅಪ್ನಿಯಾ ಹೋಗುತ್ತದೆ ಅಂತ ಸುಮ್ನೆ ನಂಬಬೇಡಿ.

ಕೆಲಸಕ್ಕೆ ಬರುವುದು ಸಿಪ್ಯಾಪ್ ಯಂತ್ರ. ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಜೊತೆಗಾರರು ಇದನ್ನು 1981ರಲ್ಲಿ ವರದಿ ಮಾಡಿದರು. ಬಿಪಿ ಇಳಿಯುವುದು ಸರಾಸರಿ 2–3 ಮಿ.ಮೀ. ಮಾತ್ರ, ಅಂಥ ದೊಡ್ಡದೇನಲ್ಲ. ಆದರೆ ಒಂದೇ ರಾತ್ರಿ ಬಳಸಿದರೂ ರಕ್ತದಲ್ಲಿ ನೈಟ್ರಿಕ್ ಆಕ್ಸೈಡಿನ ಕುರುಹುಗಳು ಏರಿದ್ದು ಕಂಡಿದೆ. ಬಳಸುತ್ತಿದ್ದವರು ಎರಡು ವಾರ ಯಂತ್ರ ಬದಿಗಿಟ್ಟಾಗ ಬೆಳಗಿನ ಬಿಪಿ ಮತ್ತೆ ಏರಿತು, ರಕ್ತನಾಳದ ಹಿಗ್ಗುವಿಕೆಯೂ ತಗ್ಗಿತು.