ಶನಿವಾರ ಸಂಜೆ ಕಾಲೇಜಿನಲ್ಲಿ ಯಾರು ಉಳಿದಿರುತ್ತಾರೆ?

ಪ್ರಶ್ನೆ: ನಾವು ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು. ಮಗಳಿಗೆ ಹಾಸನದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತಾಳೆ, ಓದಲು ಬರೆಯಲು ಬರುವುದಿಲ್ಲ. ಶಾಲೆಯಲ್ಲಿ ಎಲ್ಲದಕ್ಕೂ ಮುಂದೆ ಇದ್ದವಳು. ಅಲ್ಲಿ ಹೊರಗಿನವಳು ಅಂತ ದೂರ ಇಡುತ್ತಾರಾ? ಹೊರರಾಜ್ಯದವರಿಗೆ ಕ್ಲಬ್ಬು, ಸಂಘಗಳಲ್ಲಿ ಜವಾಬ್ದಾರಿ ಕೊಡುವುದೇ ಇಲ್ಲ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ಪ್ರತಿ ವರ್ಷ ಅಡ್ಮಿಷನ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ. ಒಂದು ಸಲ ಪುಣೆ, ಒಂದು ಸಲ ಕೊಲ್ಲಂ, ಇನ್ನೊಂದು ಸಲ ಪಟ್ನಾ. ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಮೊದಲು ನಿಮ್ಮ ಭಯದ ಮಾತು. ಹಾಸನಕ್ಕೆ ಹೊರಗಿನವರು ಹೊಸಬರಲ್ಲ. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಬಂದಿದ್ದು 1982ರಲ್ಲಿ. ಅಲ್ಲಿಗೆ ದೇಶದ ಎಲ್ಲ ಕಡೆಯಿಂದ ಬಂದವರು ಇಲ್ಲೇ ಮನೆ ಮಾಡಿದ್ದಾರೆ, ಅವರ ಮಕ್ಕಳು ಇಲ್ಲೇ ಓದಿದ್ದಾರೆ. ಹಿಮ್ಸ್‌ನಂಥ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಸೀಟುಗಳಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾಕ್ಕೇ ಹೋಗುತ್ತವೆ. ಕೃಷಿ ಕಾಲೇಜು, ಪಶುವೈದ್ಯ ಕಾಲೇಜುಗಳಿಗೂ ಹೊರಗಿನ ಮಕ್ಕಳು ಅವರವರ ಕೋಟಾದಲ್ಲಿ ಬರುತ್ತಾರೆ. ಆಟೋದವರೂ ಮೆಸ್ಸಿನವರೂ ಹರಕು ಮುರುಕು ಹಿಂದಿ, ಮಲಯಾಳಂ ಕಲಿತು ಎಷ್ಟೋ ವರ್ಷ ಆಯಿತು. ರ‍್ಯಾಗಿಂಗ್ ವಿಷಯಕ್ಕೆ ಯುಜಿಸಿಯ 2009ರ ನಿಯಮ ಇದೆ. 1800-180-5522 ಸಹಾಯವಾಣಿ ಇದೆ, ನಂಬರು ಬರೆದಿಟ್ಟುಕೊಳ್ಳಲಿ. ಇಷ್ಟು ಸಾಕು.

ಈಗ ಆ ಇನ್ನೊಂದು ಮಾತು. "ಹೊರಗಿನವರಿಗೆ ಜವಾಬ್ದಾರಿ ಕೊಡಲ್ಲ, ಅದೆಲ್ಲ ಊರಿನ ಹುಡುಗರಿಗೆ." ಇದನ್ನು ನಾನು ಸುಮ್ಮನೆ ಬಿಡುವುದಿಲ್ಲ. ಯಾಕೆಂದರೆ ಇದು ಸುಳ್ಳಾಗಿದ್ದೂ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಮನೆಯಲ್ಲೇ ಈ ಮಾತು ಕೇಳಿ ಬಂದ ಮಕ್ಕಳು ಮೊದಲ ಮೀಟಿಂಗಿಗೆ ಹೋಗುವುದಿಲ್ಲ. ಎರಡನೆಯದಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ಮೂರನೇ ವರ್ಷಕ್ಕೆ ಬಂದಾಗ, "ನೋಡಿ ಸರ್, ನಮ್ಮನ್ನು ಯಾವುದಕ್ಕೂ ಸೇರಿಸಲಿಲ್ಲ" ಎಂದು ನನ್ನ ಮುಂದೆಯೇ ಹೇಳುತ್ತಾರೆ. ಸೇರಿಸುವವರು ಯಾರು? ನೀವಾಗಿ ಹೋಗಬೇಕು, ಅಲ್ವಾ?

ನಿಯಮದಿಂದಲೇ ಶುರು ಮಾಡೋಣ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ದಶಕಗಳೇ ಆದವು. ಹಾಗಾಗಿ "ಓಟು ಬೀಳಲ್ಲ" ಅನ್ನುವ ಮಾತೇ ಏಳುವುದಿಲ್ಲ. ಚುನಾವಣೆ ನಡೆಯುವ ಕಡೆಗೆ ಅಂತ 2006ರಲ್ಲಿ ಲಿಂಗ್ಡೊ ಸಮಿತಿ ಶಿಫಾರಸು ಕೊಟ್ಟಿತು. ಅದರಲ್ಲಿ ವಯಸ್ಸಿನ ಮಿತಿ ಇದೆ, ನೂರಕ್ಕೆ 75 ಹಾಜರಿ ಬೇಕು ಅಂತ ಇದೆ, ಕ್ರಿಮಿನಲ್ ಕೇಸಿನ ವಿಷಯ ಇದೆ. ಇದೇ ರಾಜ್ಯದವರಾಗಿರಬೇಕು ಅನ್ನುವ ಷರತ್ತು ಇಲ್ಲ. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನಲ್ಲೂ ಆ ಷರತ್ತು ಇಲ್ಲ. ಐಇಇಇ, ಐಎಸ್‌ಟಿಇ ಎಂಬ ತಾಂತ್ರಿಕ ಸಂಸ್ಥೆಗಳ ವಿದ್ಯಾರ್ಥಿ ಘಟಕಗಳಲ್ಲಂತೂ ಸದಸ್ಯತ್ವದ ಫೀಸು ಕಟ್ಟಿದ್ದೀರಾ ಎಂದಷ್ಟೇ ನೋಡುತ್ತಾರೆ.

"ನಿಯಮ ಬಿಡಿ ಸರ್, ನಡೆಯೋದು ಬೇರೆ" ಅನ್ನುತ್ತೀರಿ. ಸರಿ, ನಡೆಯುವುದನ್ನೇ ಹೇಳುತ್ತೇನೆ. ಕ್ಲಬ್ಬಿನ ಕಾರ್ಯದರ್ಶಿಯನ್ನು ಆರಿಸುವವರು ಇಬ್ಬರು. ಒಬ್ಬರು ಅದನ್ನು ನೋಡಿಕೊಳ್ಳುವ ಮೇಷ್ಟ್ರು. ಇನ್ನೊಬ್ಬರು ಕೋರ್ಸು ಮುಗಿಸಿ ಹೊರಡುವ ಸೀನಿಯರ್ರು. ಇಬ್ಬರ ತಲೆಯಲ್ಲೂ ಇರುವ ಪ್ರಶ್ನೆ ಒಂದೇ: ಕೆಲಸ ಯಾರು ಮಾಡುತ್ತಾರೆ? ಆ ಹೊತ್ತಿಗೆ ಸಿಕ್ಕುವವರು ಯಾರು?

ಇಲ್ಲಿ ಹಾಸನದಂಥ ಊರಿನ ಲೆಕ್ಕ ಬೇರೆ. ಇಲ್ಲಿ ಓದುವ ಜಿಲ್ಲೆಯ ಮಕ್ಕಳಲ್ಲಿ ಬಹಳ ಜನ ದಿನವೂ ಊರಿಗೆ ಹೋಗಿ ಬರುವವರು. ಅರಸೀಕೆರೆ, ಹೊಳೆನರಸೀಪುರ, ಅರಕಲಗೂಡು, ಬೇಲೂರು, ಚನ್ನರಾಯಪಟ್ಟಣ, ಆಲೂರು. ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಬ್ಯಾಗು ಹೆಗಲ ಮೇಲಿರುತ್ತದೆ. "ಬಸ್ಸು ಹೋಯ್ತದೆ ಸಾರ್" ಅನ್ನುವ ಮಾತಿಗೆ ಎದುರು ಮಾತಿಲ್ಲ. ಹಾಸ್ಟೆಲಿನಲ್ಲಿರುವ ಪಕ್ಕದ ಜಿಲ್ಲೆಯವರೂ ಶನಿವಾರ ಮಧ್ಯಾಹ್ನ ಬಟ್ಟೆ ಗಂಟು ಹೊತ್ತು ಊರಿಗೆ ಹೊರಡುತ್ತಾರೆ. ಅವರನ್ನು ತಪ್ಪು ಅನ್ನಲಾರೆ. ಅಮ್ಮನ ಕೈ ಊಟ, ಮನೆಯ ತೋಟದ ಕೆಲಸ ಎಲ್ಲ ಇರುತ್ತದೆ.

ಹಾಗಾದರೆ ಶನಿವಾರ ಸಂಜೆ ಆರು ಗಂಟೆಗೆ ಕ್ಯಾಂಪಸ್ಸಿನಲ್ಲಿ ಉಳಿದವರು ಯಾರು? ಕೊಲ್ಲಂನ ಹುಡುಗಿ, ಪಟ್ನಾದ ಹುಡುಗ, ಇನ್ನು ನಿಮ್ಮ ಮಗಳು. ಫೆಸ್ಟಿನ ಬ್ಯಾನರ್ ಪ್ರಿಂಟಾಗಿ ಬರುವುದು ಆ ಹೊತ್ತಿಗೆ. ಸೌಂಡ್ ಸಿಸ್ಟಮ್ಮಿನವನು ಅಡ್ವಾನ್ಸ್ ಕೇಳುವುದು ಆ ಹೊತ್ತಿಗೆ. ರಾತ್ರಿ ಕುರ್ಚಿ ಎಣಿಸಿ ವಾಪಸ್ ಕೊಡುವವರೂ ಬೇಕು. ಒಂದು ವರ್ಷ ಈ ಕೆಲಸ ಮಾಡಿದವರ ಹೆಸರು ಮೇಷ್ಟ್ರ ಬಾಯಲ್ಲಿ ತಾನಾಗಿ ಬರುತ್ತದೆ. ಎರಡನೇ ವರ್ಷದ ಕೊನೆಗೆ, "ಅವಳಿಗೇ ಕೊಡಿ, ಎಲ್ಲ ಗೊತ್ತಿದೆ" ಅನ್ನುತ್ತಾರೆ. ಅಲ್ಲಿ ರಾಜ್ಯದ ಮಾತೇ ಬರುವುದಿಲ್ಲ. ಹಾಗೆ ನೋಡಿದರೆ ಅನುಕೂಲ ಹೊರಗಿನವರಿಗೇ ಜಾಸ್ತಿ. ನಾನು ನೋಡಿದ ಒಳ್ಳೆಯ ಕಾರ್ಯದರ್ಶಿಗಳಲ್ಲಿ ದೂರದ ಊರಿನವರೇ ಹೆಚ್ಚು. ಅವರು ಹೆಚ್ಚು ಬುದ್ಧಿವಂತರು ಅಂತಲ್ಲ, ವಾರದ ಕೊನೆಗೆ ಅವರಿಗೆ ಹೋಗುವುದಕ್ಕೆ ಮನೆ ಹತ್ತಿರ ಇರಲಿಲ್ಲ.

ಇನ್ನು ಈ "ಹೊರಗಿನವರು" ಅಂದರೆ ಯಾರು? ಬೀದರಿನಿಂದ ಬಂದ ಹುಡುಗ ಕನ್ನಡಿಗನೇ. ಆದರೆ ಹಾಸನಕ್ಕೆ ಬೀದರಿಗಿಂತ ಚೆನ್ನೈ ಹತ್ತಿರ. ಅವನ ಮಾತಿಗೆ ಇಲ್ಲಿಯವರು ಮೊದಲ ತಿಂಗಳು ನಗುತ್ತಾರೆ, ಇಲ್ಲಿಯವರ ಮಾತು ಅವನಿಗೆ ಅರ್ಧ ತಿಳಿಯುವುದಿಲ್ಲ. ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಅವನೂ ಹುಡುಕುತ್ತಾನೆ. ಅತ್ತ ಕಣ್ಣೂರಿನವನು ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮನೆಯಲ್ಲಿರುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಹೊಸಬರೇ. ಆ ನಾಲ್ಕೈದು ತಿಂಗಳು ಮುಗಿದ ಮೇಲೆ ಗುಂಪುಗಳು ಗಟ್ಟಿಯಾಗುತ್ತವೆ. ಸೇರುವುದಾದರೆ ಅಷ್ಟರೊಳಗೆ ಸೇರಬೇಕು.

ಭಾಷೆ? ಬೇಡ ಅಂತ ನಾನು ಹೇಳುವುದಿಲ್ಲ. ಕ್ಲಾಸಿನಲ್ಲಿ, ಕ್ಲಬ್ಬಿನಲ್ಲಿ ಇಂಗ್ಲಿಷು, ಕನ್ನಡ, ಹಿಂದಿ ಎಲ್ಲ ಸೇರಿ ನಡೆದುಹೋಗುತ್ತದೆ. ಕಾಲೇಜಿನ ಗೇಟು ದಾಟಿದರೆ ಕನ್ನಡ ಬೇಕು. ಪೊಲೀಸ್ ಠಾಣೆಗೆ ಅನುಮತಿ ಪತ್ರ, ಗ್ರಾಮ ಪಂಚಾಯಿತಿ ಅಧ್ಯಕ್ಷರ ಜೊತೆ ಮಾತು, ಶಾಮಿಯಾನದವನ ಹತ್ತಿರ ಚೌಕಾಸಿ, ಇವು ಇಂಗ್ಲಿಷಿನಲ್ಲಿ ಆಗುವ ಕೆಲಸವಲ್ಲ. ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯು ಮೊದಲ ವರ್ಷ ಕನ್ನಡ ಬಾರದವರಿಗೆ "ಬಳಕೆ ಕನ್ನಡ" ಅಂತ ಒಂದು ಪುಟ್ಟ ಪಾಠ ಇಟ್ಟಿದೆ, ಬರುವವರಿಗೆ "ಸಾಂಸ್ಕೃತಿಕ ಕನ್ನಡ". ಮಕ್ಕಳು ಅದನ್ನು ಪಾಸಾಗುವುದಕ್ಕೆ ಓದುತ್ತಾರೆ, ಆಮೇಲೆ ಮರೆಯುತ್ತಾರೆ. ನಿಮ್ಮ ಮಗಳಿಗೆ ಅರ್ಥವಾಗುತ್ತದೆ ಅಂದಿರಿ, ಅರ್ಧ ದಾರಿ ಆಗಲೇ ಬಂದಿದ್ದಾಳೆ. ಅಕ್ಷರ ಕಲಿಯಲಿ, ಬಸ್ಸಿನ ಬೋರ್ಡು ಓದಲಿ. ತಪ್ಪು ಕನ್ನಡಕ್ಕೆ ಇಲ್ಲಿ ಯಾರೂ ಬೈಯುವುದಿಲ್ಲ. ನಕ್ಕರೆ ತಾನೂ ನಗಲಿ. ಆದರೆ "ಪೂರ್ತಿ ಕಲಿತ ಮೇಲೆ ಸೇರುತ್ತೇನೆ" ಅಂತ ಕಾಯಬಾರದು. ಕೆಲಸದ ಮಧ್ಯೆ ಬರುವಷ್ಟು ಬೇಗ ಭಾಷೆ ಬೇರೆಲ್ಲೂ ಬರುವುದಿಲ್ಲ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ನಾನು ಎನ್‌ಎಸ್‌ಎಸ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಸಕಲೇಶಪುರದ ಕಡೆ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಎನ್‌ಎಸ್‌ಎಸ್ ಅಂದರೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಈ ಶಿಬಿರ. ಬಿಹಾರದ ಹುಡುಗಿಯೊಬ್ಬಳು ಉಗ್ರಾಣ ನೋಡಿಕೊಳ್ಳುತ್ತೇನೆ ಅಂದಳು. ಆ ಕೆಲಸ ಯಾರಿಗೂ ಬೇಕಿರಲಿಲ್ಲ. ಅಡುಗೆ ಭಟ್ಟರಿಗೆ ಕನ್ನಡ ಬಿಟ್ಟು ಇನ್ನೊಂದು ಮಾತು ಬಾರದು. ಮೊದಲ ದಿನ ಇಬ್ಬರೂ ಕೈಸನ್ನೆ. ಅವಳು ಚೀಲಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದಳು, ಭಟ್ಟರು ಒಂದೊಂದೇ ಮುಟ್ಟಿ ಅಕ್ಕಿ, ತೊಗರಿಬೇಳೆ, ಬೆಲ್ಲ ಅಂತ ಹೇಳಿಕೊಟ್ಟರು. ಶಿಬಿರ ಮುಗಿಯುವ ಹೊತ್ತಿಗೆ, "ಭಟ್ರೇ, ನಾಳೆಗೆ ಬೇಳೆ ಸಾಕಾಗಲ್ಲ" ಅಂತ ಅವಳೇ ಎಚ್ಚರಿಸುತ್ತಿದ್ದಳು. ಮರುವರ್ಷ ಶಿಬಿರದ ನಾಯಕಿ ಯಾರು ಅಂತ ಕೇಳಿದಾಗ ಹುಡುಗರೆಲ್ಲ ಅವಳ ಕಡೆ ತಿರುಗಿದರು. ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆ.

ತಮ್ಮ ಊರಿನವರ ಗುಂಪು ಬೇಡವೇ ಅಂತಲೂ ಕೆಲವರು ಕೇಳುತ್ತಾರೆ. ಬೇಕು. ಜ್ವರ ಬಂದ ರಾತ್ರಿ, ತತ್ಕಾಲ್ ಟಿಕೆಟ್ ಸಿಗದ ದಿನ ಕೈ ಹಿಡಿಯುವವರು ಅವರೇ. ಓಣಂಗೆ ಹೂವಿನ ಪೂಕಳಂ ಹಾಕಲಿ, ಛತ್ ಹಬ್ಬಕ್ಕೆ ಠೇಕುವಾ ಸಿಹಿ ಹಂಚಲಿ. ಆದರೆ ಒಂದೇ ರೂಮಿನಲ್ಲಿ ನಾಲ್ವರೂ ಒಂದೇ ಊರಿನವರು ಸೇರಿಕೊಂಡರೆ ನಾಲ್ಕು ವರ್ಷ ಹಾಸನದಲ್ಲಿದ್ದೂ ಹಾಸನ ನೋಡದೆ ಹೋಗುತ್ತಾರೆ. ರೂಮು ಹಂಚುವಾಗ ಒಬ್ಬರಾದರೂ ಈ ಕಡೆಯವರಿರಲಿ ಎಂದು ವಾರ್ಡನ್ನಿಗೆ ಹೇಳಿ. ಅಷ್ಟು ಮಾತ್ರ ತಂದೆ ತಾಯಿಯ ಕೆಲಸ.

ಉಳಿದದ್ದು ಅವಳದು. ಮೊದಲ ವಾರ ಮೇಷ್ಟ್ರು "ಸಿಆರ್, ಕ್ಲಾಸಿನ ಪ್ರತಿನಿಧಿ, ಯಾರು ಆಗ್ತೀರಿ?" ಅಂದಾಗ ಇಡೀ ಕ್ಲಾಸು ನೆಲ ನೋಡುತ್ತದೆ. ಆಗ ಕೈ ಎತ್ತಲಿ. ಟೈಂಟೇಬಲ್ ಬದಲಾಗಿದ್ದನ್ನು ಗ್ರೂಪಿಗೆ ಹಾಕುವುದು, ಇಂಟರ್ನಲ್ಸ್ ದಿನಾಂಕ ಕೇಳಿಕೊಂಡು ಬರುವುದು, ಜೆರಾಕ್ಸ್ ಮಾಡಿಸುವುದು. ಬೇಜಾರಿನ ಕೆಲಸ ನಿಜ, ಆದರೆ ಒಂದೇ ತಿಂಗಳಲ್ಲಿ ಇಡೀ ಸೆಕ್ಷನ್ನಿಗೆ ಅವಳ ಹೆಸರು ಗೊತ್ತಾಗುತ್ತದೆ. ಇನ್ನು ವಿಟಿಯು ಡಿಗ್ರಿಗೆ ಎಐಸಿಟಿಇ ಆಕ್ಟಿವಿಟಿ ಪಾಯಿಂಟುಗಳು, ಅಂದರೆ ಪಾಠದಾಚೆಯ ಚಟುವಟಿಕೆಗೆ ಸಿಗುವ ಅಂಕಗಳು, ಹೇಗೂ ಬೇಕು. ಮೊದಲ ವರ್ಷಕ್ಕೆ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಕೊನೆಯ ವರ್ಷ ಸರ್ಟಿಫಿಕೇಟಿಗಾಗಿ ಓಡಾಡುವ ಬದಲು ಇದೇ ನೆಪದಲ್ಲಿ ಮೊದಲೇ ಒಂದು ಕಡೆ ಸೇರಿಕೊಳ್ಳಲಿ. ಒಂದೇ ಕಡೆ ಸಾಕು. ಐದು ಕ್ಲಬ್ಬಿಗೆ ಹೆಸರು ಕೊಟ್ಟು ಐದರಲ್ಲೂ ಕಾಣದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಹಾಂ, ಶಕ್ತಿ ಯೋಜನೆಯ ಉಚಿತ ಬಸ್ಸು ನಂಬಿಕೊಂಡು ಬರಬೇಡಿ. 2023ರ ಜೂನ್‌ನಲ್ಲಿ ಶುರುವಾದ ಅದು ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಮಹಿಳೆಯರಿಗೆ. ಪುಣೆಯ ಆಧಾರ್ ತೋರಿಸಿದರೆ ಕಂಡಕ್ಟರು ದುಡ್ಡು ಕೇಳುತ್ತಾರೆ.

ಬಸ್ಸಿನ ಮಾತು ಬಂತಲ್ಲ, ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಹೊರಗಿನ ಮಕ್ಕಳ ಬಗ್ಗೆ ನನಗೆ ಚಿಂತೆ ಕಡಿಮೆ. ಚಿಂತೆ ಇರುವುದು ನಮ್ಮ ಜಿಲ್ಲೆಯ ಮಕ್ಕಳ ಬಗ್ಗೆ. ಅರಕಲಗೂಡಿನ ಆಚೆಯ ಹಳ್ಳಿಯ ಹುಡುಗಿಗೆ ಎರಡು ಬಸ್ಸು ಬದಲಿಸಿ ಮನೆ ಸೇರಬೇಕು. ಕತ್ತಲಾದರೆ ಅಪ್ಪ ಬೈಕು ಹಿಡಿದು ರಸ್ತೆಗೆ ಬಂದು ನಿಲ್ಲುತ್ತಾನೆ. ಮಾತಿನಲ್ಲಿ, ಲೆಕ್ಕದಲ್ಲಿ, ಕಷ್ಟ ಸಹಿಸುವುದರಲ್ಲಿ ಅವಳು ಯಾರಿಗೂ ಕಡಿಮೆ ಇಲ್ಲ. ಆದರೆ ನಾಲ್ಕು ವರ್ಷದಲ್ಲಿ ಒಂದು ಮೀಟಿಂಗಿಗೂ ಕೂತಿರುವುದಿಲ್ಲ. ಇಂಟರ್ವ್ಯೂನಲ್ಲಿ "ಕಾಲೇಜಿನಲ್ಲಿ ಯಾವ ಜವಾಬ್ದಾರಿ ಹೊತ್ತಿದ್ದಿರಿ?" ಎಂದು ಕೇಳಿದರೆ ತಲೆ ತಗ್ಗಿಸುತ್ತಾಳೆ. ಅವಳಿಗೆ ಆಸಕ್ತಿ ಇಲ್ಲ ಎಂದು ಷರಾ ಬರೆಯುವ ಮೇಷ್ಟ್ರುಗಳಿದ್ದಾರೆ. ಅವರಿಗೆ ಆ ಬಸ್ಸಿನ ವೇಳೆ ಗೊತ್ತಿರುವುದಿಲ್ಲ.

ಮಾಡಬೇಕಾದದ್ದು ಬಹಳ ಏನಿಲ್ಲ. ವಾರಕ್ಕೊಂದು ಮೀಟಿಂಗನ್ನು ಮಧ್ಯಾಹ್ನ ಊಟದ ಬಿಡುವಿಗೆ ತರಬಹುದು. ಡಬ್ಬಿ ಬಿಚ್ಚಿಕೊಂಡೇ ಮಾತಾಡಲಿ. ಊರಿಗೆ ಹೋಗುವವರಿಗೆ ಊರಲ್ಲೇ ಮಾಡುವ ಕೆಲಸ ಕೊಡಬಹುದು. ಫೆಸ್ಟಿಗೆ ಜಾಹೀರಾತು ಹಿಡಿಯಬೇಕಾದರೆ ಹಾಸ್ಟೆಲಿನಲ್ಲಿ ಕೂತವರಿಂದ ಆಗುವುದಿಲ್ಲ, ಬೇಲೂರಿನ ಅಂಗಡಿ ಬೀದಿಯನ್ನು ಬಲ್ಲ ಹುಡುಗನೇ ಬೇಕು. ಅಂಥವನನ್ನು ಕರೆಯುತ್ತಾರೆ, ಆದರೆ ಮೀಟಿಂಗು ಸಂಜೆ ಆರಕ್ಕೆ ಇಡುತ್ತಾರೆ.